ಒಂದು ಭಾನುವಾರದ ಪದಬಂಧಕ್ಕೆ ಟೀಕು

ಬೆಡಗಿನ ವಚನಗಳಿಗೆ ಟೀಕು ಬರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಒಂದೊಂದೇ ಮಾತನ್ನು ಎತ್ತಿಕೊಂಡು, ಇಲ್ಲಿ ಹುಲಿ ಎಂದರೆ ಏನು, ಹುತ್ತ ಎಂದರೆ ಏನು ಎಂದು ಬಿಡಿಸುತ್ತ ಹೋಗುವುದು. ಅದೇ ದಾರಿಯಲ್ಲಿ ಒಂದು ಪದಬಂಧಕ್ಕೆ ಟೀಕು ಬರೆಯಬೇಕೆನಿಸಿದೆ. ಕಟ್ಟಿದವರು ಸುರಪುರದ ನಿವೃತ್ತ ಕನ್ನಡ ಮಾಸ್ತರು. ಬಿಡಿಸಲು ಕೂತವರು ಯಾದಗಿರಿಯಿಂದ ಬರುವ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ, ಇಂಜಿನಿಯರಿಂಗ್ ಓದುವ ಅವರ ಮಗ, ಮತ್ತು ನಾನು. ಶಹಾಪುರ ಎರಡೂ ಊರಿಗೆ ನಡುವೆ ಬೀಳುತ್ತದೆ, ಹಾಗಾಗಿ ಭಾನುವಾರದ ಬೈಠಕ್ಕು ನಮ್ಮ ಮನೆಯ ಪಡಸಾಲೆಯಲ್ಲೇ.

ಪತ್ರಿಕೆಯ ಪದಬಂಧ ಮೊದಲ ಚಾ ಮುಗಿಯುವುದರೊಳಗೆ ಮುಗಿದಿರುತ್ತದೆ. ಆಮೇಲೆ ಮಾಸ್ತರು ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಚಾಪೆಯ ಮೇಲೆ ಹಾಸುತ್ತಾರೆ. ಲೆಕ್ಕದ ನೋಟ್‌ಬುಕ್ಕಿನ ಚೌಕಳಿ ಹಾಳೆ, ಅಡ್ಡ 11 ಮನೆ, ಉದ್ದ 11 ಮನೆ, ಮುಚ್ಚಿದ ಮನೆಗಳಿಗೆ ತಿಕ್ಕಿ ತಿಕ್ಕಿ ಪೆನ್ಸಿಲಿನ ಕಪ್ಪು. ಕಟ್ಟಳೆ ಎರಡೇ. ಉತ್ತರಗಳೆಲ್ಲ ನಮ್ಮ ಮೂರು ಊರುಗಳ ಸೀಮೆಯಿಂದ ಬರಬೇಕು, ಮತ್ತು ಕೊನೆಯ ಮನೆ ತುಂಬುವ ತನಕ ಮಾಸ್ತರು ಬಾಯಿ ಬಿಡಬಾರದು.

1, ಮೇಲಿನಿಂದ ಕೆಳಕ್ಕೆ: "ಬಕಾಸುರನನ್ನು ಕೊಂದವನನ್ನು ಎಳೆದು ಕರೆದರೆ ಜಿಲ್ಲಾಕೇಂದ್ರದ ಮಗ್ಗುಲಲ್ಲಿ ನೀರು (2)"

ಕೊಂದವನು ಭೀಮ, ನೀರು ಭೀಮಾ. ಉತ್ತರ ಸಲೀಸು. ಆದರೆ ಸುಳಿವಿನೊಳಗಿನ "ಎಳೆದು" ಎಂಬ ಮಾತನ್ನು ಗುರುತಿಟ್ಟುಕೊಳ್ಳಬೇಕು. ಅದು ಸುಮ್ಮನೆ ಬಂದದ್ದಲ್ಲ, ಕೊನೆಯ ಅಕ್ಷರಕ್ಕೆ ದೀರ್ಘ ಕೊಡು ಎಂಬ ಅಪ್ಪಣೆ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ವಜ್ರದ ಆಕಾರದಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದಾಗ ಅವನ ಒಂದು ಮನೆಗೆ ಒಂದು ಅಕ್ಷರ, ಅಂಥವು ಇಪ್ಪತ್ತಾರೇ. ನಮ್ಮ ಮನೆಯೊಳಗೆ ವ್ಯಂಜನ, ಅದರ ಗುಣಿತ, ಅದರ ಒತ್ತು ಎಲ್ಲ ಒಟ್ಟಿಗೆ ಸಂಸಾರ ಮಾಡುತ್ತವೆ. ಮ ಬೇರೆ ಮನೆ, ಮಾ ಬೇರೆ ಮನೆ. ಇಂಗ್ಲಿಷಿನ ಪದಬಂಧದಲ್ಲಿ ಸಿಗದ ಬಿಕ್ಕಟ್ಟುಗಳು, ಸಿಗದ ಸುಖಗಳು ಇಲ್ಲಿಂದಲೇ ಶುರುವಾಗುತ್ತವೆ.

3, ಎಡದಿಂದ ಬಲಕ್ಕೆ: "ಯದುವಂಶದವರ ಬೆಟ್ಟದ ನಟ್ಟನಡುವಿನ ಕಲ್ಲು ಉರುಳಿದರೆ 2009ರಲ್ಲಿ ಹುಟ್ಟಿದ ಜಿಲ್ಲೆ (4)"

ಯಾದವಗಿರಿಗೆ ಐದು ಅಕ್ಷರ. ನಟ್ಟನಡುವೆ ವ. ಅದನ್ನು ಉರುಳಿಸಿದರೆ ಯಾದಗಿರಿ. ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಗಿ 2009ರ ಡಿಸೆಂಬರ್ 30ರಂದು ಆದ ಜಿಲ್ಲೆ. ಅಕ್ಕನ ಮಗ ಮೊದಲು ಬಾಯಲ್ಲಿ ಆಡುವ ಹಾಗೆ "ಯಾದಗೀರ" ಎಂದು ಬರೆದು, "ಅದೂ ನಾಕs ಅಕ್ಷರ ಅಲ್ಲಾ ಕಾಕಾ?" ಎಂದ. ಹೌದು, ನಾಲ್ಕೇ. ಆದರೆ ಸುಳಿವು ಬೆಟ್ಟ ಎನ್ನುತ್ತದೆ, ಗಿರಿ ಮುರಿಯಬಾರದು.

7, ಎಡದಿಂದ ಬಲಕ್ಕೆ: "ಹೋಲಿಕೆಗೆ ಸೋತವನು, ಅವನ ಊರಿಗಾಗಿ ಕಡೂರಿಗೂ ಸುರಪುರಕ್ಕೂ ಜಗ್ಗಾಟ (3)"

ಹೋಲಿಕೆ ಎಂದರೆ ಉಪಮೆ, ಸೋತವನು ಎಂದರೆ ಲೋಲ. ಉಪಮಾಲೋಲ ಎಂಬ ಬಿರುದು ಜೈಮಿನಿ ಭಾರತದ ಲಕ್ಷ್ಮೀಶನದು. ಅವನ ದೇವಪುರ ಕಡೂರು ತಾಲೂಕಿನ ದೇವನೂರು ಎಂದು ಒಂದು ಪಕ್ಷ, ಸುರಪುರ ಸೀಮೆಯ ದೇವಾಪುರ ಎಂದು ಇನ್ನೊಂದು ಪಕ್ಷ. ಸುರ ಎಂದರೂ ದೇವ ಎಂದರೂ ಒಂದೇ ಅರ್ಥವಾದ್ದರಿಂದ ಸುರಪುರದವರಿಗೆ ಈ ವಾದದಲ್ಲಿ ಬಲ ಬರುತ್ತದೆ. ಮಾಸ್ತರು ಯಾವ ಪಕ್ಷ ಎಂಬುದು ನಮಗೆ ಗೊತ್ತು. ಆದರೂ ಸುಳಿವಿನಲ್ಲಿ ತೀರ್ಪು ಕೊಡದೆ "ಜಗ್ಗಾಟ" ಎಂದಷ್ಟೇ ಬರೆದು ಬಿಟ್ಟಿದ್ದಾರೆ. ಪದಬಂಧ ಕಟ್ಟುವವರಿಗೆ ಇರಬೇಕಾದ ನಿಯತ್ತು ಇದು.

ಇನ್ನು ಮನೆಯ ಮಾತು. ಎರಡನೆಯ ಮನೆಗೆ ಕ್ಷ್ಮೀ ಹೋಗಬೇಕು. ಕಕಾರ, ಅದಕ್ಕೆ ಷಕಾರದ ಒತ್ತು, ಅದರ ಬೆನ್ನಿಗೆ ಮಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕಡಲೆ ಕಾಳಿನಷ್ಟು ಜಾಗ. ಅಕ್ಕ ಬಾಲ್‌ಪೆನ್ನು ಕೆಳಗಿಟ್ಟು, ಪೆನ್ಸಿಲನ್ನು ಬ್ಲೇಡಿನಿಂದ ಚೂಪು ಮಾಡಿಕೊಂಡು, ಉಸಿರು ಬಿಗಿಹಿಡಿದು ಬರೆದರು. ಮಕಾರದ ಒತ್ತು ಕೆಳಗಿನ ಕಪ್ಪು ಮನೆಯೊಳಗೆ ಕಾಲು ಚಾಚಿತು.

8, ಎಡದಿಂದ ಬಲಕ್ಕೆ: "ಹೊಲಿಗೆ ಬಾರದಿದ್ದರೂ ಈ ಹೆಸರು, ಸುರಪುರದ ಗುಡ್ಡದ ಮೇಲೆ ಇವನ ಮಂಜಿಲ್ (3)"

ಸುರಪುರದಲ್ಲಿ ಯಾವ ಮಗುವನ್ನು ಕೇಳಿದರೂ ಟೇಲರ್ ಮಂಜಿಲಿನ ದಾರಿ ತೋರಿಸುತ್ತದೆ. ರಾಜಾ ವೆಂಕಟಪ್ಪನಾಯಕ ಇನ್ನೂ ಬಾಲಕನಾಗಿದ್ದಾಗ, 1840ರ ದಶಕದಲ್ಲಿ, ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇವನು. ಹುಡುಗ ರಾಜ ತನ್ನನ್ನು "ಅಪ್ಪಾ" ಎಂದು ಕರೆಯುತ್ತಿದ್ದನೆಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಹುಡುಗನೇ ಬೆಳೆದು ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಸೆರೆಯಲ್ಲಿ ಗುಂಡಿಗೆ ಪ್ರಾಣ ಕಳೆದುಕೊಂಡ. ಈ ಮನೆಗಳನ್ನು ತುಂಬುವಾಗ ಪ್ರತಿಸಲವೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ಪದದ ಕೊನೆಗೆ ಅರ್ಧಾಕ್ಷರ ರ್ ಇದೆ. ಅದಕ್ಕೂ ಒಂದು ಪೂರ್ತಿ ಮನೆ ಬೇಕು. ಆದರೆ ಅರ್ಧಾಕ್ಷರದ ಮೇಲಿಂದ ಹಾಯ್ದು ಹೋಗುವ ಕನ್ನಡ ಪದ ಸಿಗುವುದು ಕಷ್ಟ, ನಮ್ಮ ಮಾತುಗಳಿಗೆ ಸ್ವರದಲ್ಲಿ ಮುಗಿಯುವುದೇ ರೂಢಿ. ಅದಕ್ಕೆ ಮಾಸ್ತರು ಈ ಪದವನ್ನು ಬಲಗಡೆಯ ಅಂಚಿಗೆ ಒತ್ತಿ, ರ್‌ನ ಮೇಲೂ ಕೆಳಗೂ ಕಪ್ಪು ಮನೆ ಇಟ್ಟಿದ್ದಾರೆ. ನೋಡಿದವರಿಗೆ ಇದು ಕಾಣುವುದಿಲ್ಲ, ಕಟ್ಟಿದವರಿಗೆ ಮಾತ್ರ ಗೊತ್ತು.

2, ಮೇಲಿನಿಂದ ಕೆಳಕ್ಕೆ: "ಎತ್ತಿನ ಹಿಂದೆ ಸಮುದ್ರ, ನಾರಾಯಣಪುರಕ್ಕೆ ಹೋದರೆ ನೋಡಬಹುದು (6)"

12, ಎಡದಿಂದ ಬಲಕ್ಕೆ: "ಅರವತ್ತು ಸಾವಿರ ಮಕ್ಕಳ ತಂದೆಯ ಸೀಮೆ (5)"

ಇವೆರಡನ್ನು ಬೇರೆ ಮಾಡಿ ಹೇಳಲಾಗದು. ಎತ್ತು ಬಸವ, ಸಮುದ್ರ ಸಾಗರ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟಿನ ಜಲಾಶಯ ಬಸವಸಾಗರ. ಇದು ಎರಡು ನಿಮಿಷದ ಕೆಲಸವಾಯಿತು. ಅದರ ಕೊನೆಯ ರ ಬಂದು ಕೂರುವ ಮನೆಯೇ 12ರ ಮೂರನೆಯ ಮನೆ. ಹುಡುಗ ಸರಸರನೆ "ಸಾಗರನಾಡು" ಎಂದು ತುಂಬಿದ. ಐದು ಅಕ್ಷರ, ಮೂರನೆಯದು ರ, ಎಲ್ಲ ಕೂಡಿಬಂದಂತೆ ಕಂಡಿತು. ನನಗೂ ತಪ್ಪು ಕಾಣಲಿಲ್ಲ. ಈಗಷ್ಟೇ ಬರೆದ ಸಾಗರ ನಮ್ಮ ಕಣ್ಣ ತುಂಬ ಇತ್ತು.

ಮೊದಲ ಅಕ್ಷರಕ್ಕೆ ಎಡವಿದ್ದು ಹನ್ನೆರಡರಿಂದಲೇ ಕೆಳಗಿಳಿಯುವ ಸುಳಿವಿಗೆ: "ಜವಾಬಿನ ಜೋಡಿ, ಗೀಗೀ ಮೇಳದಲ್ಲಿ ಡಪ್ಪಿನ ಗತ್ತಿನೊಡನೆ ಎದುರಾಳಿಯ ಮೇಲೆ ಬೀಳುವುದು (3)". ಹರದೇಶಿ ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿ ಹೆಣ್ಣು ಹೆಚ್ಚು ಎಂದು ಹಾಡಬೇಕು, ಬೆಳಗಾಗುವ ತನಕ ಸವಾಲಿಗೆ ಜವಾಬು. ಉತ್ತರ ಸವಾಲು, ಅನುಮಾನವೇ ಇಲ್ಲ. ಅದರ ಮೊದಲಕ್ಷರ ಸ. ಮನೆಯಲ್ಲಿ ಕೂತಿರುವುದು ಸಾ.

ಒಂದು ದೀರ್ಘದ ಮೇಲೆ ಇಡೀ ಬಲೆ ನಿಂತಿತು. ಕಾಲು ತಾಸು ಯಾರೂ ಮಾತಾಡಲಿಲ್ಲ. ಕೊನೆಗೆ ಅಕ್ಕ ಮೆಲ್ಲಗೆ ಅಂದರು: "ಅರವತ್ತು ಸಾವಿರ ಮಕ್ಕಳು ಯಾರಿಗೋ? ಸಾಗರಗಲ್ಲ, ಸಗರಗ." ಸಗರ ಚಕ್ರವರ್ತಿ. ಅವನ ಮಕ್ಕಳು ಯಜ್ಞದ ಕುದುರೆ ಹುಡುಕುತ್ತ ಭೂಮಿ ಅಗೆದ ಗುಂಡಿಯೇ ಸಾಗರವಾಯಿತೆಂದು ಪುರಾಣ. ದೀರ್ಘವಿಲ್ಲದ ಸಗರ ತಂದೆ, ದೀರ್ಘ ಕೊಟ್ಟ ಸಾಗರ ಮಕ್ಕಳ ದುಡಿಮೆ. ಶಹಾಪುರ ತಾಲೂಕಿನ ಸಗರ ಎಂಬ ಊರಿನಿಂದ ನಮ್ಮ ಸೀಮೆಗೆ ಸಗರನಾಡು ಎಂದು ಹೆಸರು. ಶಹಾಪುರವೂ ಸುರಪುರವೂ ಅದರೊಳಗೇ. ನಾವು ಅದರಲ್ಲೇ ಹುಟ್ಟಿ ಬೆಳೆದವರು, ಮತ್ತು ನಮ್ಮ ನಾಡಿನ ಹೆಸರಿಗೆ ನಾವೇ ದೀರ್ಘ ಹಾಕಿದ್ದೆವು. ಹುಡುಗ ರಬ್ಬರಿನಿಂದ ಆ ಇಳಿಯನ್ನು ಮಾತ್ರ ಅಳಿಸಿದ. ಹಾಳೆಯ ಮೇಲೆ ಅದರ ಗೀರು ಉಳಿಯಿತು.

ಇಂಥ ಸುಳಿವನ್ನು ನಾನು ಪತ್ರಿಕೆಗಳ ಪದಬಂಧದಲ್ಲಿ ಅಪರೂಪಕ್ಕೆ ಕಂಡಿದ್ದೇನೆ. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧ ಕಟ್ಟಿ ಕನ್ನಡದಲ್ಲಿ ಈ ಆಟಕ್ಕೆ ಒಂದು ದೊಡ್ಡ ಬಳಗವನ್ನೇ ಮಾಡಿಕೊಟ್ಟವರು. ನಾವೂ ಆ ಬಳಗದವರೇ. ಆದರೆ ನಾಡಿಗೆಲ್ಲ ತಿಳಿಯಬೇಕಾದ ಪದಬಂಧಕ್ಕೆ ನಾಡಿಗೆಲ್ಲ ತಿಳಿದ ಮಾತುಗಳೇ ಬೇಕಾಗುತ್ತವೆ. ಸಗರನಾಡಿನ ಮಾತು ಬರಬೇಕಾದರೆ ಸಗರನಾಡಿನವರೇ ಹಾಳೆ ತೆಗೆದುಕೊಂಡು ಕೂರಬೇಕು.

18, ಎಡದಿಂದ ಬಲಕ್ಕೆ: "ಮುದನೂರಿನ ಮಗ್ಗದವನು, ತೊತ್ತು ಮುಂದೆ, ಮಯ್ಯ ಹಿಂದೆ (4)"

ದಾಸಿಮಯ್ಯ. ದುಗ್ಗಳೆಯ ಗಂಡ, ರಾಮನಾಥನ ಅಂಕಿತದವನು. ಮುದನೂರು ಸುರಪುರ ಸೀಮೆಯದು. ಯ್ಯ ಒಂದೇ ಮನೆಗೆ ಎಂಬುದು ಗೊತ್ತಿದ್ದರೆ ಸಾಕು.

11, ಮೇಲಿನಿಂದ ಕೆಳಕ್ಕೆ: "ಸಾವಿಲ್ಲದ ನುಡಿ, ಕೊಡೇಕಲ್ಲಿನ ಗುಟ್ಟಿನ ಬರಹ (6)"

ಕೊಡೇಕಲ್ಲ ಬಸವಣ್ಣನ ಪರಂಪರೆಯವರು ಕಾಲಜ್ಞಾನದ ಹೊತ್ತಗೆಗಳಿಗೆ ಬಳಸಿದ ಲಿಪಿಯ ಹೆಸರು ಅಮರಗನ್ನಡ. ಬೇರೆಯವರಿಗೆ ಓದಲು ಬಾರದಂಥ ಲಿಪಿ. ಗುಟ್ಟನ್ನು ಬಚ್ಚಿಡುವ, ಬಿಚ್ಚುವ ವಿದ್ಯೆ ನಮ್ಮ ನೆಲಕ್ಕೆ ಪತ್ರಿಕೆಯ ಜೊತೆ ಬಂದದ್ದಲ್ಲ ಎಂದು ನಾನು ಹೇಳುವಾಗ ಈ ಲಿಪಿಯೇ ನನ್ನ ಸಾಕ್ಷಿ.

ಒಂದು ತಕರಾರೂ ಇದೆ. ನಾನು "ಅಮರಕನ್ನಡ" ಎಂದು ಬರೆದಿದ್ದೆ. ಹಳಗನ್ನಡ, ಹೊಸಗನ್ನಡದಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಬರುತ್ತದೆ ಎಂದು ಅಕ್ಕ ತಿದ್ದಿದರು, ಸರಿಯೇ. ಆದರೆ ಆ ನಾಲ್ಕನೆಯ ಮನೆಗೆ ಅಡ್ಡದಿಂದ ಆಸರೆ ಕೊಡುವ ಪದವೇ ಇರಲಿಲ್ಲ. ವ್ಯಾಕರಣ ಮರೆತವನಿಗೆ ಅಲ್ಲಿ ತಿದ್ದಿಕೊಳ್ಳುವ ದಾರಿ ಇಲ್ಲ. ಅನುಮಾನ ಬರುವ ಅಕ್ಷರಕ್ಕೆ ಇನ್ನೊಂದು ಪದದ ಕೈ ಇರಬೇಕು ಎಂಬುದು ನನ್ನ ಮತ. ಆಮೇಲೆ ಮಾಸ್ತರರಿಗೆ ಅದನ್ನು ಹೇಳಿದೆ. ಹಾಳೆಯ ಹಿಂದೆ ಬರೆದುಕೊಂಡರು.

15, ಎಡದಿಂದ ಬಲಕ್ಕೆ: "ಬೂದಿಯ ಊರು, ಬಂಡೆಗಳ ಚೌಕಳಿ (5)"

ಶಹಾಪುರದವನಾದ ನನಗೆ ಇದು ಬಿಟ್ಟುಕೊಟ್ಟ ಸುಳಿವು. ವಿಭೂತಿಹಳ್ಳಿ. ಊರ ಹತ್ತಿರದ ಬಯಲಿನಲ್ಲಿ ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಬಂಡೆಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಅಡ್ಡ ನೋಡಿದರೂ ಸಾಲು, ಓರೆ ನೋಡಿದರೂ ಸಾಲು. 8ರ ಟೇಲರನೇ ಅದನ್ನು ಕಂಡು ಬರೆದು ಹೊರಗಿನ ವಿದ್ವಾಂಸರಿಗೆ ತಿಳಿಸಿದವರಲ್ಲಿ ಮೊದಲಿಗ. ಇಂದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ತಾಣ. ಒಂದು ಬಂಡೆಯ ಪಕ್ಕ ನಿಂತು ಮುಂದಿನದನ್ನು ನೋಡಿದರೆ ಅದರಾಚೆಯ ಬಂಡೆಗಳೆಲ್ಲ ಒಂದರ ಹಿಂದೆ ಒಂದು ಅಡಗಿ ಕೂರುತ್ತವೆ. ಎರಡು ಹೆಜ್ಜೆ ಬದಿಗೆ ಸರಿದರೆ ಎಲ್ಲ ಬಯಲಾಗುತ್ತವೆ. ಯಾಕಾಗಿ ಇಟ್ಟರು ಎಂದು ಖಚಿತವಾಗಿ ಹೇಳಿದವರಿಲ್ಲ. ಸುಳಿವಿಲ್ಲದ ಚೌಕಳಿ ಅದು.

ಸಗರನ ಮಕ್ಕಳು ಕಪಿಲ ಮುನಿಯ ಕಣ್ಣಿಗೆ ಬೂದಿಯಾದರು. ಸಗರನಾಡಿನ ಎರಡು ಸಾಲು ಕೆಳಗೆ ಬೂದಿಯ ಹಳ್ಳಿ. ಮಾಸ್ತರು ಬೇಕೆಂದೇ ಇಟ್ಟರೋ ಎಂದು ಮುಖ ನೋಡಿದೆ. ಅವರು ಚುರುಮುರಿಯಲ್ಲಿ ಶೇಂಗಾ ಆರಿಸುತ್ತ ಕೂತಿದ್ದರು.

16, ಮೇಲಿನಿಂದ ಕೆಳಕ್ಕೆ: "ವೈರಿಯನ್ನು ಎಳೆದು ಕರೆ, ಬರಗಾಲದಲ್ಲಿ ಜೋಳ ಕೊಟ್ಟೀತು (3)"

ಉಳಿದದ್ದು ಇದೊಂದೇ. ವಿಭೂತಿಹಳ್ಳಿಯ ಹ ಮೊದಲ ಮನೆಯಲ್ಲಿ, ಕೆಳಗೆ ಎರಡು ಖಾಲಿ. ಹುಡುಗ ಫೋನು ತೆಗೆದ, ಅಕ್ಕ ಕಣ್ಣು ಬಿಟ್ಟರು, ಮತ್ತೆ ಕಿಸೆಗಿಟ್ಟ. ಹಗೆ ಎಂದರೆ ವೈರಿ ಎಂಬಲ್ಲಿಗೆ ಬಂದೆವು, ಆದರೆ ಅದಕ್ಕೆ ಎರಡೇ ಅಕ್ಷರ. ಜೋಳ ಕೊಡುವ ವೈರಿ ಯಾರು? ಹನ್ನೆರಡೂವರೆ ಆಯಿತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಏನ್ ಹುಡುಕ್ಲಾಕತ್ತೀರಿ ಅಷ್ಟೊತ್ತಿನಿಂದ?" ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಸುಳಿವನ್ನು ಓದಿ ಹೇಳಿದೆ. ವೈರಿಯ ಭಾಗವನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

"ಬರಗಾಲದಾಗ ಜ್ವಾಳ ಕೊಡೋದು ಹಗೇವಲ್ಲೇನೋ?"

ಹುಡುಗನಿಗೆ ಆ ಮಾತೇ ಹೊಸದು. ಅವ್ವ ಹೊಸ್ತಿಲ ಮೇಲೆ ಕೂತು ಹೇಳಿದಳು. ಮನೆ ಮುಂದಿನ ನೆಲ ಅಗೆದು ಮಾಡಿದ ಆಳದ ಗುಂಡಿ, ಒಳಗೆಲ್ಲ ಹುಲ್ಲಿನ ಮೆತ್ತೆ, ಮೇಲೆ ಬಾಯಿಗೆ ಕಲ್ಲು, ಮಣ್ಣು. ಒಳಗೆ ಹೋದ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ತೆರೆದು ಒಳಗಿನ ಝಳ ಹೋಗಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು. "ದೀಪ ಆರ್ತಂದ್ರ ಯಾರೂ ಇಳೀಬಾರ್ದು. ನಿಮ್ಮ ಮುತ್ಯಾ ಎಲ್ಡು ಸರ್ತಿ ದೀಪ ಬಿಟ್ಟು ನೋಡ್ತಿದ್ದ."

ಟೀಕಿನ ಮಾತು ಇಷ್ಟು: ಹಗೆ ಎಂಬಲ್ಲಿನ ಗೆ ಎಳೆದರೆ ಗೇ. ಕೊನೆಯ ವು ಸುಳಿವಿನ ಚಮತ್ಕಾರದಲ್ಲಿ ಇಲ್ಲ, ಜೋಳದ ಅರ್ಥದಿಂದಲೇ ಬರಬೇಕು. ಹಗೇವು.

ಹುಡುಗ ಗೇ ಬರೆಯಲು ಹೋದವನು ತಡೆದು, ಹಾಳೆಯ ಮೂಲೆಯ 1ರ ಕಡೆ ನೋಡಿದ. ಬೆಳಗ್ಗೆ ಭೀಮನನ್ನು ಎಳೆದವನು ಅವನೇ. ಮಾಸ್ತರು ಆಗ ಮೊದಲ ಸಲ ಬಾಯಿ ಬಿಟ್ಟರು, ನಮ್ಮ ಕಡೆಗಲ್ಲ, ಅವ್ವನ ಕಡೆಗೆ: "ಯಕ್ಕಾ, ಆ ಹುಲ್ಲು ಯಾವುದು ಹಾಕ್ತಿದ್ರಿ?"