ಸುಣ್ಣದ ಹಾಳೆಯ ಮೇಲೆ ಬೆಳ್ಳಿ

ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿರುವ, ಮಧ್ಯ ಅಮೆರಿಕದ ಮಾಯಾ ಜನರ ಹೊತ್ತಗೆಯ ಅಚ್ಚುಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಕೊಂಡು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಮ್ಮ ಹಳೆಯ ಕಡತಗಳಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ; ಪೂರ್ತಿ ಹರಡಿದರೆ ಮೂರೂವರೆ ಮೀಟರ್ ಉದ್ದ. ಅತ್ತಿಯ ಜಾತಿಯ ಮರದ ತೊಗಟೆ ಬಡಿದು ಹಾಳೆ ಮಾಡಿ, ಮೇಲೆ ನುಣ್ಣಗೆ ಸುಣ್ಣ ಸವರಿದ್ದಾರೆ. ಆ ತಣ್ಣನೆಯ ಬಿಳುಪಿನ ಮೇಲೆ ಕುಂಚ ಆಡಿದ ಪರಿಯನ್ನು ನೋಡಬೇಕು! ಒಂದಕ್ಕೆ ಚುಕ್ಕಿ, ಐದಕ್ಕೆ ಅಡ್ಡಗೆರೆ, ಸೊನ್ನೆಗೊಂದು ಮುದ್ದಾದ ಚಿಪ್ಪು.

ನಾನು ಮತ್ತೆ ಮತ್ತೆ ಮರಳುವುದು ಬೆಳ್ಳಿಯ, ಅಂದರೆ ಶುಕ್ರಗ್ರಹದ, ಪುಟಗಳಿಗೆ. 236 ದಿನ ಬೆಳಗಿನ ಚುಕ್ಕಿ, 90 ದಿನ ಮರೆ, 250 ದಿನ ಸಂಜೆಯ ಚುಕ್ಕಿ, 8 ದಿನ ಮತ್ತೆ ಮರೆ. ಕೂಡಿದರೆ 584. ಇಂಥ ಐದು ಸುತ್ತಿಗೆ 2,920 ದಿನ. 365 ದಿನಗಳ ಎಂಟು ವರ್ಷಕ್ಕೆ ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ದುರ್ಬೀನಿಲ್ಲದೆ, ತಲೆಮಾರುಗಳು ನಸುಕಿಗೆ ಎದ್ದು ಕಾದು ಕೂಡಿಟ್ಟ ಲೆಕ್ಕವಿದು. ನಿಜದ ಸುತ್ತು ಸರಾಸರಿ 583.92 ದಿನ. ಆ ಕೂದಲೆಳೆಯ ಅಂತರವೂ ಅವರ ಕಣ್ಣು ತಪ್ಪಲಿಲ್ಲ. ಆಗಾಗ ದಿನಗಳನ್ನು ಕಳೆದು ತಿದ್ದಿಕೊಳ್ಳುವ ದಾರಿಯನ್ನೂ ಅಲ್ಲೇ ಬರೆದಿಟ್ಟಿದ್ದಾರೆ.

ಎಂಟು ದಿನ ಕಾಣದ ಬೆಳ್ಳಿ ಮೂಡಣದಲ್ಲಿ ಮತ್ತೆ ಕಣ್ಬಿಡುವ ಆ ಬೆಳಗು ಅವರಿಗೆ ಅಂಜಿಕೆಯ ಬೆಳಗು. ಐದು ಪುಟಗಳಲ್ಲಿ ಬೆಳ್ಳಿಯ ದೇವತೆಗಳು ಈಟಿ ಎಸೆಯುತ್ತಾರೆ. ಪ್ರತಿ ಪುಟದ ಅಡಿಯಲ್ಲೂ ಒಬ್ಬ ಬಿದ್ದಿದ್ದಾನೆ. ಒಂದರಲ್ಲಿ, ನಿಧಾನವಾಗಿ ನೋಡಿ, ಬಿದ್ದವನು ಮುಸುಕಿನ ಜೋಳದ ದೇವರು. ಆಕಾಶದ ಗಣಿತ ಹೊಲಕ್ಕೆ ಬಂದು ತಾಗುವುದು ಇಲ್ಲಿಯೇ. ನನ್ನ ಬೆರಳು ಪ್ರತಿಸಲ ಇಲ್ಲಿ ನಿಂತುಬಿಡುತ್ತದೆ.

ಆ ಹೊಲದ ಹೆಸರು ಮಿಲ್ಪಾ. ಬೇಸಗೆಯಲ್ಲಿ ಕಡಿದ ಕುರುಚಲನ್ನು ಮಳೆಗೆ ಮುಂಚೆ ಸುಟ್ಟು, ಬೂದಿ ಬೆರೆತ ನೆಲಕ್ಕೆ ಚೂಪುಗೋಲು ಚುಚ್ಚಿ ಮುಸುಕಿನ ಜೋಳದ ಕಾಳು ಹಾಕುತ್ತಿದ್ದರು. ಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬುತ್ತದೆ. ಬುಡದಲ್ಲಿ ಕುಂಬಳದ ಅಗಲ ಎಲೆಗಳು ತೇವ ಆರದಂತೆ ನೆರಳು ಹಿಡಿಯುತ್ತವೆ. ಮಳೆ ಚಾಕ್ ದೇವರದು. ಹೊತ್ತಗೆಯಲ್ಲಿ ಅವನು ದೋಣಿಯೇರಿ ಹುಟ್ಟು ಹಾಕುತ್ತಾನೆ!

ಹಾಳೆಗೆ ಸವರಿದ ಸುಣ್ಣ ಅಡುಗೆಮನೆಗೂ ಬರುತ್ತದೆ. ಸುಣ್ಣದ ನೀರಿನಲ್ಲಿ ಕುದಿಸಿದ ಜೋಳ ರಾತ್ರಿಯಿಡೀ ನೆನೆದು, ಸಿಪ್ಪೆ ಸಡಿಲಿಸಿ, ಉಬ್ಬಿ, ಬೆರಳಿಗೆ ಜಾರುವಷ್ಟು ಮೆತ್ತಗಾಗುತ್ತದೆ. ಕಲ್ಲಿನಲ್ಲಿ ಅರೆದು, ಎಲೆಯಲ್ಲಿ ಸುತ್ತಿ, ನಾವು ಕಡುಬು ಬೇಯಿಸುವಂತೆ ಹಬೆಗಿಟ್ಟರೆ ಮೆಲ್ಲನೆ ಏಳುತ್ತದೆ, ಬೆಚ್ಚಗಿನ, ತುಸು ಮಣ್ಣಿನ, ತುಸು ಸುಣ್ಣದ ಆ ಘಮ.