ಮಗ್ಗ ನಿಂತ ದಿನದ ಕೂಲಿ

ಜವಳಿ ಅಥವಾ ಉಡುಪು ವಿನ್ಯಾಸ ಕಲಿಯುವ ವಿದ್ಯಾರ್ಥಿಗೆ ಹಣ ಬೇಕಾಗುವುದು ಮೂರು ಕಡೆ: ಕಾಲೇಜಿನ ಶುಲ್ಕಕ್ಕೆ, ಊಟ-ವಸತಿಗೆ, ನೂಲು-ಮಗ್ಗಕ್ಕೆ. ಮೊದಲನೆಯದಕ್ಕೆ ಯೋಜನೆಗಳಿವೆ. ಎರಡನೆಯದಕ್ಕೆ ಅಷ್ಟಿಷ್ಟು ಸಿಗುತ್ತದೆ. ಮೂರನೆಯದನ್ನು ಕೇಳುವವರು ಕಡಿಮೆ, ಕೊಡುವವರು ಇನ್ನೂ ಕಡಿಮೆ. ಆದರೆ ಕಲಿತದ್ದು ಬಟ್ಟೆಯಾಗುತ್ತದೋ ಕಾಗದದ ಮೇಲೇ ಉಳಿಯುತ್ತದೋ ಎಂಬುದು ಗೊತ್ತಾಗುವುದು ಮೂರನೆಯ ಕಡೆಯಲ್ಲೇ.

ಉಡುಪಿ ಜಿಲ್ಲೆಯ ಬಸ್ರೂರಿನ ಮಟ್ಟಿಗೆ ಈ ಲೆಕ್ಕ ಹಾಕುವುದು ಸುಲಭ. ವಾರಾಹಿ ದಂಡೆಯ ಈ ಊರು ಒಂದು ಕಾಲದಲ್ಲಿ ಅರಬ್ಬರೂ ಪೋರ್ಚುಗೀಸರೂ ಬಂದು ಹೋಗುತ್ತಿದ್ದ ಬಂದರು. ಪೋರ್ಚುಗೀಸರ ಕಾಗದಪತ್ರಗಳಲ್ಲಿ ಬಾರ್ಸೆಲೂರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಹೊಡೆಯುವಷ್ಟು ಸಂಪತ್ತು ಇಲ್ಲಿತ್ತು. ಈಗ ಇಲ್ಲಿಂದ ವಿನ್ಯಾಸ ಕಲಿಯಲು ಹೊರಟ ಹುಡುಗಿಗೆ ಹತ್ತಿರದ ದಾರಿ ಮಣಿಪಾಲ. ಅಲ್ಲಿನ ವಾಸ್ತುಶಿಲ್ಪ ಮತ್ತು ಯೋಜನಾ ಶಾಲೆಯಲ್ಲಿ ಫ್ಯಾಷನ್ ಡಿಸೈನ್ ಪದವಿ ಇದೆ. ದೂರದ ದಾರಿಗಳು ಎರಡು. ಒಂದು ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ನಿಫ್ಟ್. ಇನ್ನೊಂದು ಗದಗ-ಬೆಟಗೇರಿಯ ಕರ್ನಾಟಕ ಕೈಮಗ್ಗ ತಂತ್ರಜ್ಞಾನ ಸಂಸ್ಥೆ, ಮೂರು ವರ್ಷದ ಡಿಪ್ಲೊಮಾ. ನಿಫ್ಟ್‌ಗೆ ಹೋಗುವುದೆಂದರೆ ಊರಿಗೆಲ್ಲ ಗೊತ್ತಾಗುವ ಸಂಗತಿ. ಗದಗಕ್ಕೆ ಹೋಗುವುದು ಯಾರಿಗೂ ಸುದ್ದಿಯಲ್ಲ. ಮಗ್ಗವನ್ನು ಬಿಚ್ಚಿ ಜೋಡಿಸಲು ಕಲಿಸುವುದು ಗದಗದಲ್ಲಿ.

ಶುಲ್ಕದ ವಿಷಯದಲ್ಲಿ ನೇಕಾರರ ಮನೆಯ ಮಕ್ಕಳಿಗೆ ಒಳ್ಳೆಯ ಅವಕಾಶವೇ ಇದೆ. ಕೇಂದ್ರದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಡಿ ಒಂದು ಕುಟುಂಬದ ಇಬ್ಬರು ಮಕ್ಕಳವರೆಗೆ, ಮಾನ್ಯತೆ ಪಡೆದ ಜವಳಿ ಸಂಸ್ಥೆಗಳಲ್ಲಿ ಡಿಪ್ಲೊಮಾ, ಪದವಿ, ಸ್ನಾತಕೋತ್ತರ ಓದಿಗೆ ವರ್ಷಕ್ಕೆ ಗರಿಷ್ಠ 2 ಲಕ್ಷ ರೂಪಾಯಿ ವಿದ್ಯಾರ್ಥಿವೇತನಕ್ಕೆ ಜಾಗವಿದೆ. ಕುಶಲಕರ್ಮಿಗಳ ಮಕ್ಕಳಿಗೆಂದೇ ನಿಫ್ಟ್ ಪ್ರತ್ಯೇಕ ಸೀಟು ತೆರೆದಿದೆ; ಅದಕ್ಕೆ ಸರ್ಕಾರ ಕೊಟ್ಟ ಗುರುತಿನ ಚೀಟಿ ಬೇಕು. ಬಡ ವಿದ್ಯಾರ್ಥಿಗಳ ಬೋಧನಾ ಶುಲ್ಕಕ್ಕೆ ಅದೇ ಸಂಸ್ಥೆಯ ‘ಸಾರ್ಥಕ್’ ನೆರವು ಬೇರೆ ಇದೆ. ರಾಜ್ಯದಲ್ಲಿ 2021ರಲ್ಲಿ ರೈತರ ಮಕ್ಕಳಿಗೆಂದು ಆರಂಭವಾದ ವಿದ್ಯಾನಿಧಿಯನ್ನು ಮರುವರ್ಷ ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ರೈತರ ಮಕ್ಕಳಿಗೆ ಗೊತ್ತುಮಾಡಿದ್ದ ಮೊತ್ತ ಪಿಯುಸಿಗೆ 2,500 ರೂಪಾಯಿಯಿಂದ ವೃತ್ತಿಪರ ಪದವಿ ಓದುವ ಹುಡುಗಿಯರಿಗೆ 11,000ದವರೆಗೆ ಇತ್ತು. ಹೊರಗೆ ಪಿ.ಜಿ. ವಸತಿ ಹಿಡಿದು ಓದುವವರಿಗೆ ಅದು ಒಂದೆರಡು ತಿಂಗಳ ಬಾಡಿಗೆಗೆ ಆದೀತು.

ಇವೆಲ್ಲ ಶಿಕ್ಷಣದ ಹೆಸರಿನಲ್ಲಿ ಬರುವ ದುಡ್ಡು. ಕಲೆಯ ಹೆಸರಿನಲ್ಲಿ ಬರುವುದು ಬೇರೆ ಬಾಗಿಲಿನಿಂದ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತದೆ. ಸಂಗೀತ, ನೃತ್ಯ, ರಂಗಭೂಮಿ, ದೃಶ್ಯಕಲೆ, ಜಾನಪದ ಎಂದು ವಿಭಾಗಗಳಿವೆ. ಜವಳಿ ವಿನ್ಯಾಸ ಇವುಗಳೊಳಗೆ ಸಲೀಸಾಗಿ ಕೂರುವುದಿಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಖಾಸಗಿ ನೆರವಿನಿಂದ ಕಲಾ ಸಂಶೋಧನೆಗೂ ಪ್ರಯೋಗಕ್ಕೂ ಅನುದಾನ ನೀಡುತ್ತದೆ. 1981ರಿಂದ ಇರುವ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆಯ ಕ್ಷೇತ್ರದವರನ್ನು ಬ್ರಿಟನ್ನಿಗೆ ಕಳಿಸುತ್ತದೆ. ಇವು ಸಾಮಾನ್ಯವಾಗಿ ಓದು ಮುಗಿಸಿ ನಾಲ್ಕಾರು ಕೆಲಸ ಮಾಡಿ ತೋರಿಸಿದವರ ಕೈಗೆಟಕುವ ಹಣ. ಎರಡನೆಯ ವರ್ಷದ ವಿದ್ಯಾರ್ಥಿನಿಗೆ ಅಲ್ಲಿ ಜಾಗ ಸಿಗುವುದು ಅಪರೂಪ.

ಹೀಗಾಗಿ ನೇಯ್ಗೆಯ ವಿದ್ಯಾರ್ಥಿ ಇತ್ತ ಶಿಕ್ಷಣಕ್ಕೂ ಅತ್ತ ಕಲೆಗೂ ಪೂರ್ತಿ ಸೇರದೆ ನಡುವೆ ಉಳಿಯುತ್ತಾನೆ. ಅದರ ಪರಿಣಾಮ ಕಾಣಬೇಕಾದರೆ ಒಂದು ಮಗ್ಗದ ಬಳಿಗೇ ಹೋಗಬೇಕು.

ಬಸ್ರೂರಿಗೆ ಹತ್ತಿರವಿರುವ ನೇಯ್ಗೆ ಎಂದರೆ ಉಡುಪಿ ಸೀರೆ. ಹಗುರವಾದ ಹತ್ತಿ ಸೀರೆ. ತೆಳು ಒಡಲು, ಬೇರೆ ಬಣ್ಣದ ಅಂಚು-ಸೆರಗು, ಕೆಲವದರಲ್ಲಿ ಸಣ್ಣ ಬುಟ್ಟಾ. ಕರಾವಳಿಯ ಸೆಕೆಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. 2016ರಲ್ಲಿ ಇದಕ್ಕೆ ಭೌಗೋಳಿಕ ಗುರುತು (ಜಿ.ಐ.) ಸಿಕ್ಕಿತು. ಉಡುಪಿ, ಶಿವಳ್ಳಿ, ಬ್ರಹ್ಮಾವರ, ಪಡುಪಣಂಬೂರು, ತಾಳಿಪಾಡಿ ಮುಂತಾದ ಕಡೆಯ ನೇಕಾರರ ಸಹಕಾರ ಸಂಘಗಳು ಇದನ್ನು ಉಳಿಸಿಕೊಂಡು ಬಂದವು. ನೂಲಿನ ನಯವನ್ನು ಕೌಂಟ್‌ನಲ್ಲಿ ಹೇಳುತ್ತಾರೆ. ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿ ಬರುತ್ತದೋ ಅದೇ ಕೌಂಟ್. 80 ಕೌಂಟ್ ಎಂದರೆ ಅರ್ಧ ಕಿಲೋಗೂ ಕಡಿಮೆ ತೂಕದ ಹತ್ತಿಯಲ್ಲಿ 67,200 ಗಜ, ಸುಮಾರು 61 ಕಿ.ಮೀ. ಉದ್ದದ ಎಳೆ. ಇಷ್ಟು ನಯದ ನೂಲು ಲಾಳಿಯ ಹೊಡೆತಕ್ಕೆ ತಡೆಯಬೇಕಾದರೆ ಹಾಸಿಗೆ, ಅಂದರೆ ಉದ್ದೆಳೆಗಳಿಗೆ, ಗಂಜಿ ಹಾಕಲೇಬೇಕು. ಗಂಜಿ ಹೆಚ್ಚಾದರೆ ಬಿರುಸಾಗಿ ತುಂಡಾಗುತ್ತದೆ, ಕಡಿಮೆಯಾದರೆ ನಾರು ಎದ್ದು ಎಳೆಗಳು ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಹದ ಕೈಗೇ ಗೊತ್ತಿರಬೇಕು.

ಈಗ ವಿನ್ಯಾಸದ ವಿದ್ಯಾರ್ಥಿನಿಯೊಬ್ಬಳು ಹೊಸ ಬಣ್ಣದ ಒಂದು ಮಾದರಿ ನೇಯಿಸಬೇಕೆಂದು ಸಂಘಕ್ಕೆ ಬಂದಳೆನ್ನಿ. ಕಂಪ್ಯೂಟರ್ ತೆರೆಯ ಮೇಲೆ ಅಂಚಿನ ಬಣ್ಣ ಬದಲಿಸಲು ಒಂದು ಗಳಿಗೆ ಸಾಕು. ಮಗ್ಗದಲ್ಲಿ ಹೊಕ್ಕಿನ, ಅಂದರೆ ಅಡ್ಡೆಳೆಯ, ಬಣ್ಣ ಬದಲಿಸುವುದೂ ಕಷ್ಟವಲ್ಲ, ನೂಲು ಸುತ್ತಿದ ಬೇರೆ ಕಂಡಿಕೆ ಲಾಳಿಗೆ ಹಾಕಿದರಾಯಿತು. ಹಾಸಿನ ಬಣ್ಣ ಬದಲಾಗಬೇಕೆಂದರೆ ಕತೆ ಬೇರೆ. ಇಂಚಿಗೆ 70 ಎಳೆಯಂತೆ 46 ಇಂಚು ಅಗಲಕ್ಕೆ ಲೆಕ್ಕ ಹಾಕಿದರೆ 3,220 ಎಳೆ. ಹೊಸ ಹಾಸು ಸುತ್ತಿ, ಗಂಜಿ ಹಾಕಿ, ಒಣಗಿಸಿ, ಪ್ರತಿ ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು. ಆಮೇಲೆ ನೇಯ್ಗೆ ಒಂದೇ ಗಜವಾದರೂ ಅಷ್ಟೇ ಕೆಲಸ, ಹತ್ತು ಸೀರೆಯಾದರೂ ಅಷ್ಟೇ ಕೆಲಸ. ನೇಕಾರರಿಗೆ ಕೂಲಿ ಸೀರೆಯ ಲೆಕ್ಕದಲ್ಲಿ. ಮಾದರಿಗಾಗಿ ಮಗ್ಗ ನಿಂತ ದಿನಗಳಲ್ಲಿ ಸೀರೆ ಇಲ್ಲ, ಆದ್ದರಿಂದ ಕೂಲಿಯೂ ಇಲ್ಲ. ಆ ನಷ್ಟವನ್ನು ವಿದ್ಯಾರ್ಥಿನಿ ತುಂಬಬೇಕು, ಇಲ್ಲವೇ ನೇಕಾರ ಹೊರಬೇಕು. ಎರಡೂ ಆಗದಿದ್ದರೆ ಮಾದರಿ ನೇಯುವ ಮಾತೇ ಇಲ್ಲ. ಶುಲ್ಕ ಪೂರ್ತಿ ಮಾಫಿಯಾದ ವಿದ್ಯಾರ್ಥಿನಿಯೂ ಕೊನೆಗೆ ಅಂಗಡಿಯ ಬಟ್ಟೆ ತಂದು ಹೊಲಿದು ಪದವಿ ಮುಗಿಸುವುದು ಈ ಕಾರಣಕ್ಕೇ.

ದೇಶ ಇದನ್ನು ಒಮ್ಮೆ ಅರ್ಥಮಾಡಿಕೊಂಡಿತ್ತು. ಕೈಮಗ್ಗ ಕ್ಷೇತ್ರದ ಸಂಘಟಕಿ ಪುಪುಲ್ ಜಯಕರ್ ಮುತುವರ್ಜಿಯಿಂದ 1956ರಲ್ಲಿ ಆರಂಭವಾದ ನೇಕಾರರ ಸೇವಾ ಕೇಂದ್ರಗಳಲ್ಲಿ ಮಗ್ಗ, ಬಣ್ಣದ ಹಂಡೆ, ನೇಕಾರ, ಚಿತ್ರಕಾರ ಎಲ್ಲವೂ ಒಂದೇ ಸೂರಿನಡಿ ಇದ್ದವು, ಸಂಬಳ ಸರ್ಕಾರದ್ದು. ಪ್ರಭಾಕರ ಬರ್ವೆಯವರಂಥ ಚಿತ್ರಕಾರರು ಅಲ್ಲಿ ದುಡಿದರು. ಕಲಾವಿದ ಕೆ.ಜಿ. ಸುಬ್ರಮಣ್ಯನ್ 1959ರಿಂದ 61ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಉಪನಿರ್ದೇಶಕರಾಗಿದ್ದರು. ಅದನ್ನು ಯಾರೂ ಕಲಾ ಅನುದಾನ ಎನ್ನಲಿಲ್ಲ, ನೌಕರಿ ಎಂದರು. ಆದರೆ ತಪ್ಪು ಬಟ್ಟೆ ನೇಯಲು ಬಿಡುವು, ನೇಯ್ದವನಿಗೆ ಸಂಬಳ, ಅನುದಾನ ಮಾಡಬೇಕಾದ ಇವೆರಡು ಕೆಲಸವನ್ನೂ ಅದು ಮಾಡಿತು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂದಾಗಲೂ ಫೋರ್ಡ್ ಫೌಂಡೇಶನ್ನಿನ ನೆರವಿತ್ತು. ಕರಕುಶಲ ಮಂಡಳಿಯನ್ನು ಕಟ್ಟಿ ನಿಲ್ಲಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ಮಂಗಳೂರಿನಲ್ಲಿ ಹುಟ್ಟಿದವರು ಎಂಬುದನ್ನು ಕರಾವಳಿ ಆಗಾಗ ಮರೆಯುತ್ತದೆ.

ಈಚೆಗೆ ಹತ್ತಿರದಲ್ಲೇ ನಡೆದ ಪ್ರಯತ್ನ ತಾಳಿಪಾಡಿ ಸಂಘದ್ದು. ಕಿನ್ನಿಗೋಳಿಯ ಈ ಸಂಘದಲ್ಲಿ ಬೆರಳೆಣಿಕೆಯ ಹಿರಿಯ ನೇಕಾರರು ಮಾತ್ರ ಉಳಿದಿದ್ದಾಗ ಕಾರ್ಕಳದ ಕದಿಕೆ ಟ್ರಸ್ಟ್ ಜೊತೆಗೂಡಿತು. ನಬಾರ್ಡ್ ನೆರವಿನಿಂದ ಹೊಸಬರಿಗೆ, ಅದರಲ್ಲೂ ಯುವತಿಯರಿಗೆ, ನೇಯ್ಗೆಯ ತರಬೇತಿ ನಡೆಯಿತು; ಬಿಟ್ಟುಹೋದ ಕೆಲವರು ಮಗ್ಗಕ್ಕೆ ಮರಳಿದರು. ಇಲ್ಲಿ ದುಡ್ಡು ಹೋದದ್ದು ಮಗ್ಗದ ಮುಂದೆ ಕಳೆದ ಸಮಯಕ್ಕೆ. ಘಟ್ಟದ ಮೇಲೆ, ಸಾಗರದ ಭೀಮನಕೋಣೆಯ ‘ಚರಕ’ ಸಹಕಾರ ಸಂಘದಲ್ಲಿ ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ತೋಟದ ಮನೆಗಳಲ್ಲಿ ಚೆಲ್ಲಿಹೋಗಬಹುದಾದ ಆ ಕೆಂಗಂದು ನೀರು ವಿನ್ಯಾಸದ ವಿದ್ಯಾರ್ಥಿಗೆ ಒಂದು ಇಡೀ ಸೆಮಿಸ್ಟರಿನ ಪಾಠ. ಅದಕ್ಕೂ ಬಸ್ಸಿನ ಖರ್ಚು, ಅಲ್ಲೇ ಉಳಿಯುವ ಖರ್ಚು ಉಂಟು.

ಬಸ್ರೂರಿನ ಸುತ್ತಲಿನ ಸೀಮೆಗೆ ತನ್ನದೇ ಆದ ವಸ್ತುವೂ ಇದೆ. ಇದು ಯಕ್ಷಗಾನದ ಬಡಗುತಿಟ್ಟು ಶೈಲಿಯ ನೆಲ. ವೇಷಧಾರಿಗಳು ಉಡುವ ಕಸೆ ಸೀರೆಯ ಕೆಂಪು-ಹಳದಿ ಚೌಕಳಿ ದೂರದಿಂದ, ರಾತ್ರಿಯ ಬೆಳಕಿನಲ್ಲಿ ಕಾಣಬೇಕಾದ ವಿನ್ಯಾಸ. ಕುಣಿತದಲ್ಲಿ ನೆರಿಗೆ ತೆರೆದು ಮುಚ್ಚುವಾಗ ಚೌಕಗಳು ಒಡೆದು ಕೂಡುತ್ತವೆ. ದಪ್ಪ ಹತ್ತಿಯ ನೆರಿಗೆ ಹಿಡಿದು ನಿಲ್ಲುತ್ತದೆ, ಪಾಲಿಯೆಸ್ಟರಿನದು ಜಾರುತ್ತದೆ. ಚೌಕದ ಅಳತೆ, ನೂಲಿನ ದಪ್ಪ, ಬಣ್ಣದ ಪ್ರಮಾಣ ಇವನ್ನೆಲ್ಲ ಅಳೆದು ಬರೆದು ಮತ್ತೆ ನೇಯಿಸುವುದು ಉತ್ತಮ ವಿದ್ಯಾರ್ಥಿ ಯೋಜನೆಯಾದೀತು. ಇಂಥ ದಾಖಲಾತಿಗೆ ಹಣ ಹುಟ್ಟಿದ ನಿದರ್ಶನ ಉಡುಪಿಯಲ್ಲೇ ಇದೆ. ಎಂ.ಜಿ.ಎಂ. ಕಾಲೇಜಿನಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು, ಕೋಟ ಶಿವರಾಮ ಕಾರಂತರು ಅಲ್ಲಿ ಪ್ರಯೋಗ ನಡೆಸಿದರು, ಮುಂದೆ ಕು.ಶಿ. ಹರಿದಾಸ ಭಟ್ಟರ ನೇತೃತ್ವದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೆ ಫೋರ್ಡ್ ಫೌಂಡೇಶನ್ ನೆರವು ಬಂತು. ಹಾಡಿಗೂ ಕುಣಿತಕ್ಕೂ ಸಿಕ್ಕಿದ ಆ ಅದೃಷ್ಟ ಉಟ್ಟ ಬಟ್ಟೆಗೆ ಅಷ್ಟಾಗಿ ಸಿಗಲಿಲ್ಲ.

ಆದ್ದರಿಂದ ವಿದ್ಯಾರ್ಥಿವೇತನ ಸ್ಥಾಪಿಸಲು ಹೊರಟ ಬ್ಯಾಂಕು, ದತ್ತಿನಿಧಿ, ಮುಂಬಯಿ-ಕೊಲ್ಲಿ ದೇಶಗಳ ಊರ ಸಂಘಗಳು ಮಾಡಬೇಕಾದ ಬದಲಾವಣೆ ಸಣ್ಣದು. ಮೊತ್ತದ ಒಂದು ಪಾಲನ್ನು ವಿದ್ಯಾರ್ಥಿಯ ಖಾತೆಗೆ ಹಾಕದೆ ನೇಕಾರರ ಸಂಘಕ್ಕೆ, ಮಾದರಿ ನೇಯ್ದ ದಿನಗಳ ಕೂಲಿಯಾಗಿ ಕೊಡಬೇಕು. ಇತ್ತ ಕೈಮಗ್ಗದ ಮನೆಯವರು ತಮ್ಮ ನೇಕಾರರ ಗುರುತಿನ ಚೀಟಿ ಚಾಲ್ತಿಯಲ್ಲಿದೆಯೇ ಎಂದು ಮಕ್ಕಳು ಪಿಯುಸಿ ಮುಗಿಸುವ ಮುನ್ನವೇ ನೋಡಿಕೊಳ್ಳುವುದು ಒಳ್ಳೆಯದು. ನೇಕಾರರ ಮಕ್ಕಳಿಗೆಂದು ಇರುವ ನೆರವಿಗೆಲ್ಲ ಮೊದಲು ಕೇಳುವ ದಾಖಲೆ ಅದೇ.