ಪಲ್ಲವಿ ಮತ್ತು ಚರಣದ ನಡುವೆ: ಬೆಂಗಳೂರಿನ ಕ್ಲಬ್ ರಾತ್ರಿಗಳಲ್ಲಿ ತತ್ವಪದ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಉಳಿಸಿಕೊಂಡು ಬರಹಕ್ಕೆ ಇಳಿಸಲಾಗಿದೆ.)

ನಾನು ರಾಯಕೋಟೆಯವಳು. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಹೊಸೂರಿನಿಂದ ಧರ್ಮಪುರಿ ಕಡೆ ಹೋಗುವ ರೈಲು ದಾರಿಯಲ್ಲಿ ಸಿಗುವ ಊರು. ಕನ್ನಡ ಎಂ.ಎ. ವಿದ್ಯಾರ್ಥಿನಿ.

ಹೋದ ಕೆಲವು ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ, ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಕ್ಲಬ್ಬುಗಳಲ್ಲಿ ಐದು ರಾತ್ರಿ ಸಂಗೀತ ಕೇಳಿದೆ. ಹಾಡಿದ್ದು ಹೊಸ ತಂಡಗಳು. ಅವುಗಳ ಹೆಸರು ಹೇಳುತ್ತಿಲ್ಲ. ಯಾರು ಚೆನ್ನಾಗಿ ಹಾಡಿದರು ಅನ್ನೋದು ಈ ಪ್ರಬಂಧದ ವಿಷಯವಲ್ಲ. ಐದರಲ್ಲಿ ಮೂರು ರಾತ್ರಿ ಶಿಶುನಾಳ ಶರೀಫರ ಪದ ಬಂತು. ಆ ಪದ ಆ ಕೋಣೆಯೊಳಗೆ ಏನಾಗುತ್ತದೆ ಅನ್ನೋದೇ ನನ್ನ ಪ್ರಶ್ನೆ.

ಈ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಅಭಿಪ್ರಾಯಗಳಿವೆ. ತತ್ವಪದವನ್ನು ಪಬ್ಬಿಗೆ ಎಳೆದುಕೊಂಡು ಹೋಗಿ ಕುಣಿಯುವ ಹಾಡು ಮಾಡಿದರು ಅನ್ನೋದು ಒಂದು. ಏನೇ ಆಗಲಿ, ಹೊಸ ತಲೆಮಾರಿಗೆ ಕನ್ನಡ ಮುಟ್ಟಿತಲ್ಲ ಅನ್ನೋದು ಇನ್ನೊಂದು. ದೂರುವವರೂ ಹೊಗಳುವವರೂ ಗಿಟಾರ್, ಡ್ರಮ್ಸ್, ಕೈಯಲ್ಲಿರುವ ಗ್ಲಾಸು ನೋಡುತ್ತಾರೆ. ಪದದ ಎಷ್ಟು ಭಾಗ ಹಾಡಿದರು, ಯಾವ ಭಾಗ ಬಿಟ್ಟರು ಅಂತ ಯಾರೂ ಕೇಳುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮೊದಲು ಕೇಳಬೇಕಾದದ್ದು ಅದನ್ನೇ.

ಕೇಳುವ ಮೂರು ರೀತಿಗಳು

ಶರೀಫರ ಕಾಲ 1819ರಿಂದ 1889. ಅವರ ಪದಗಳು ಬಾಯಿಂದ ಬಾಯಿಗೆ, ಭಜನೆಯ ಮೂಲಕ ಉಳಿದವು. ಭಜನೆಯಲ್ಲಿ ಕೇಳುಗ ಅಂತ ಪ್ರತ್ಯೇಕ ಒಬ್ಬ ಇರುವುದಿಲ್ಲ. ಮುಂದೆ ಒಬ್ಬರು ಸೊಲ್ಲು ಕೊಡುತ್ತಾರೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಬಂದವರೆಲ್ಲ ಹಾಡುವವರೇ.

ಎರಡನೆಯದು ಸುಗಮ ಸಂಗೀತದ ಸಭಾಂಗಣ. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರು ಸಂಗೀತ ನೀಡಿದ, ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು ಬಂತು. ಕವಿತೆ ಹಾಡಾಗಿ ಮನೆಮನೆಗೆ ಹೋಯಿತು. ಸಿ. ಅಶ್ವಥ್ ಶರೀಫರನ್ನು ನಾಡಿಗೆಲ್ಲ ಕೇಳಿಸಿದರು. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, ಅದಕ್ಕೂ ಅಶ್ವಥ್ ಅವರದೇ ಸಂಗೀತ. ಈ ಪರಂಪರೆಯಲ್ಲಿ ಪದದ ಉಚ್ಚಾರ ಸ್ಪಷ್ಟ, ಚರಣಗಳು ಕ್ರಮವಾಗಿ ಬರುತ್ತವೆ, ಕವಿಯ ಹೆಸರು ಹೇಳುತ್ತಾರೆ. ಕೇಳುಗ ಮಾತ್ರ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಾನೆ. ಅವನಿಗೆ ಅರ್ಥ ಸಿಕ್ಕಿತು, ಬಾಯಿ ಹೋಯಿತು.

ಮೂರನೆಯದು ಕ್ಲಬ್ಬು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಶರೀಫರ ಗುಡುಗುಡಿಯ ಪದ ಇದೆ. ಆ ಧಾಟಿಯ ಪ್ರಭಾವ ನಾನು ಕೇಳಿದ ತಂಡಗಳ ಮೇಲೆ ಕಣ್ಣಿಗೆ ಕಾಣುವಷ್ಟಿದೆ. ಇಲ್ಲಿ ಜನ ನಿಂತಿರುತ್ತಾರೆ, ಜೊತೆಗೆ ಹಾಡುತ್ತಾರೆ. ನನ್ನ ಪಕ್ಕ ನಿಂತಿದ್ದವರಲ್ಲಿ ಕನ್ನಡ ಬಾರದವರೂ ಪಲ್ಲವಿಯನ್ನು ಗಂಟಲು ಬಿಟ್ಟು ಹಾಡುತ್ತಿದ್ದರು. ನಮ್ಮ ಕಡೆಯ ಭಜನೆಯಲ್ಲಿ ಹೆಣ್ಣುಮಕ್ಕಳು ಹಿಂದೆ ಕೂರುತ್ತಿದ್ದೆವು. ಕ್ಲಬ್ಬಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡಿದೆವು. ಕೇಳುಗರ ಬಾಯಿಗೆ ಪದವನ್ನು ವಾಪಸು ಕೊಟ್ಟ ಮಟ್ಟಿಗೆ ಕ್ಲಬ್ಬು ಸಭಾಂಗಣಕ್ಕಿಂತ ಭಜನೆಗೆ ಹತ್ತಿರ ಅಂತ ನನ್ನ ವಾದ.

ಗುಡುಗುಡಿಗೆ ಏನಾಯಿತು

ಹಾಗಾದರೆ ಏನೂ ಕಳೆಯಲಿಲ್ಲವೇ? ಕಳೆದಿದೆ. ಗುಡುಗುಡಿಯ ಪದವನ್ನೇ ನೋಡಿ. ಅದರ ಪಲ್ಲವಿ ಒಂದು ಕರೆ: ಗುಡುಗುಡಿ ಸೇದಿ ನೋಡು, ಒಳಗಿನ ರೋಗ ಹೋಗುತ್ತದೆ ಅನ್ನುವ ಅರ್ಥದ್ದು. ಅಲ್ಲಿಗೇ ನಿಲ್ಲಿಸಿದರೆ ಅದು ಹೊಗೆ ಸೇದುವವರ ಹಾಡು. ಚರಣಕ್ಕೆ ಬಂದ ಮೇಲೆ ವಿಷಯ ತಿರುಗುತ್ತದೆ. ಮನಸ್ಸು ಸಂಚಿಯಾಗುತ್ತದೆ, ನೆನಪು ಚಿಲುಮೆಯಾಗುತ್ತದೆ, ಬುದ್ಧಿ ಮೇಲಿಡುವ ಕೆಂಡ. ವಚನದ ಬೆಡಗಿನ ಹಾಗೆ ಇಲ್ಲಿ ಪಲ್ಲವಿ ಒಗಟು, ಚರಣ ಬೀಗದಕೈ. ಕೇಳುವವನು ಮೊದಲು ತಪ್ಪು ತಿಳಿಯಬೇಕು, ಆಮೇಲೆ ಆ ತಪ್ಪು ಒಡೆಯಬೇಕು. ಪದದ ಕೆಲಸವೇ ಅದು.

ನಾನು ಕೇಳಿದ ಮೂರರಲ್ಲಿ ಎರಡು ರಾತ್ರಿ ಈ ಒಡೆಯುವ ಕೆಲಸ ನಡೆಯಲಿಲ್ಲ. ಪಲ್ಲವಿ, ಗಿಟಾರ್, ಮತ್ತೆ ಪಲ್ಲವಿ, ಒಂದು ಚರಣ ಓಡಿಸಿ ಹಾಡಿದ್ದು, ಆಮೇಲೆ ಹತ್ತು ನಿಮಿಷ ಪಲ್ಲವಿಯೇ. ಜನ ಗ್ಲಾಸು ಎತ್ತಿ ಕೂಗಿದರು. ಅವರದೇನೂ ತಪ್ಪಿಲ್ಲ. ಅವರ ಕೈಗೆ ಸಿಕ್ಕಿದ್ದು ಒಗಟು ಮಾತ್ರ.

ಇದಕ್ಕೆ ರಾಕ್ ಸಂಗೀತವನ್ನು ದೂರುವುದು ಸುಲಭ. ಆದರೆ 2008ರ ಆ ಧ್ವನಿಮುದ್ರಣದಲ್ಲಿ ಚರಣಗಳು ಇವೆ. ವಾದ್ಯಕ್ಕೂ ಚರಣ ಬಿಡುವುದಕ್ಕೂ ಸಂಬಂಧ ಇಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಪಲ್ಲವಿಯ ಪುನರಾವರ್ತನೆಯೂ ದೋಷವಲ್ಲ, ಭಜನೆಯಲ್ಲೂ ಅದು ಮತ್ತೆ ಮತ್ತೆ ಬರುತ್ತದೆ. ವ್ಯತ್ಯಾಸ ಇರುವುದು ಎಲ್ಲಿಂದ ಬರುತ್ತದೆ ಅನ್ನೋದರಲ್ಲಿ. ಭಜನೆಯ ಪಲ್ಲವಿ ಪ್ರತಿ ಸಲವೂ ಒಂದು ಚರಣ ದಾಟಿ ಬರುತ್ತದೆ. ಸಂಚಿ ಬಿಚ್ಚಿದ ಮೇಲೆ ಹಾಡುವ ಪಲ್ಲವಿಯೇ ಬೇರೆ, ಕೆಂಡ ಇಟ್ಟ ಮೇಲೆ ಹಾಡುವ ಪಲ್ಲವಿಯೇ ಬೇರೆ. ಕ್ಲಬ್ಬಿನ ಪಲ್ಲವಿ ಪಲ್ಲವಿಯಿಂದಲೇ ಹೊರಟು ಪಲ್ಲವಿಗೇ ಬರುತ್ತದೆ. ಶಬ್ದ ಏರುತ್ತದೆ, ಅರ್ಥ ಇದ್ದಲ್ಲೇ ಇರುತ್ತದೆ. ಕೊನೆಯ ಚರಣದ ಜೊತೆ ಅಂಕಿತವೂ ಬಿದ್ದುಹೋಗುವುದರಿಂದ ಹಾಡು ಯಾರದು ಅನ್ನೋದೂ ಗೊತ್ತಾಗುವುದಿಲ್ಲ.

ಮೂರನೆಯ ರಾತ್ರಿ ಬೇರೆ ಥರ ಆಯಿತು. ಹಾಡುವ ಹುಡುಗ ಡ್ರಮ್ಸ್ ನಿಲ್ಲಿಸಿ ಚರಣವನ್ನು ಒಂದೊಂದೇ ಸೊಲ್ಲಾಗಿ ಕೊಟ್ಟ. ಜನ ಹೇಳಿದರು. ಸರಿಯಾಗಿ ಬರಲಿಲ್ಲ, ಮತ್ತೆ ಕೊಟ್ಟ. ಅರ್ಥ ಬಿಡಿಸಿ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ನಾಲ್ಕೈದು ನಿಮಿಷ ಹೆಚ್ಚು ಹಿಡಿಯಿತು ಅಷ್ಟೆ. ಆಮೇಲೆ ಪಲ್ಲವಿ ಬಂದಾಗ ಕೂಗು ಕಡಿಮೆ ಇತ್ತು, ಹಾಡು ಜಾಸ್ತಿ ಇತ್ತು. ಹಾಗಾಗಿ ಕ್ಲಬ್ಬಿನಲ್ಲಿ ಇದು ಸಾಧ್ಯವೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಗಡಿಯ ಕಿವಿ

ಚರಣದ ಬಗ್ಗೆ ನಾನ್ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅನ್ನೋದಕ್ಕೆ ಕಾರಣ ನಮ್ಮೂರಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಹೊಸೂರು, ಡೆಂಕಣಿಕೋಟೆ, ರಾಯಕೋಟೆ ಕಡೆ ಮನೆಯಲ್ಲಿ ಕನ್ನಡ ಅಥವಾ ತೆಲುಗು, ಆಫೀಸಿನಲ್ಲಿ ತಮಿಳು ಅನ್ನುವ ಬದುಕು ಮುಂದುವರಿಯಿತು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯ ಭಾಷೆಯಾಯಿತು. ನನ್ನ ಓರಗೆಯ ಎಷ್ಟೋ ಜನ ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾರೆ, ಬಸ್ಸಿನ ಬೋರ್ಡು ಕನ್ನಡದಲ್ಲಿದ್ದರೆ ಓದಲಾರರು. ನನ್ನ ಗೆಳತಿಯೊಬ್ಬಳ ಮಾತು: "ಓದಕ್ಕೆ ಬರಲ್ಲ ಕಣೇ, ಹಾಡಕ್ಕೆ ಬರತೈತೆ."

ನಮ್ಮ ಕಡೆಯ ಭಜನೆ ನೋಟ್‌ಬುಕ್ಕಿನಲ್ಲಿ ಕನ್ನಡದ ದಾಸರ ಪದಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡಿದ್ದನ್ನು ನೋಡಿದ್ದೇನೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಲ್ಲಕ್ಕೂ ಒಂದೇ ಅಕ್ಷರ. ನೋಟ್‌ಬುಕ್ ನೋಡಿ ಹೊಸಬರು ಹಾಡಲಾರರು. ಮೊದಲೇ ಕೇಳಿದ್ದವರು ಮಾತ್ರ 'ಗುರು'ವನ್ನು 'ಗುರು' ಅಂತಲೇ ಹಾಡುತ್ತಾರೆ. ಲಿಪಿ ಕಳೆದದ್ದನ್ನು ಕಿವಿ ಉಳಿಸಿಕೊಂಡಿದೆ.

ಈಗ ಕ್ಲಬ್ಬಿಗೆ ಬನ್ನಿ. ಅಲ್ಲಿ ನಿಂತಿರುವ ಕನ್ನಡ ಓದಲು ಬಾರದ ಹುಡುಗನೂ ನಮ್ಮೂರ ಗೆಳತಿಯೂ ಈ ವಿಷಯದಲ್ಲಿ ಒಂದೇ. ಇಬ್ಬರಿಗೂ ಕನ್ನಡ ಸಾಹಿತ್ಯ ಸಿಗುವುದು ಕಿವಿಯಿಂದ ಮಾತ್ರ. ಚರಣ ಬಿಟ್ಟರೆ ನಾನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಓದಿಕೊಳ್ಳಬಲ್ಲೆ. ಅವರಿಗೆ ಆ ದಾರಿ ಇಲ್ಲ. ವೇದಿಕೆಯಲ್ಲಿ ಬಿಟ್ಟ ಚರಣ ಅವರ ಪಾಲಿಗೆ ಇಲ್ಲವೇ ಇಲ್ಲ.

ಒಳಗೆ ಬರುವವರು ಯಾರು

ಭಜನೆಗೂ ಕ್ಲಬ್ಬಿಗೂ ಹೋಲಿಕೆ ಬಾಗಿಲ ತನಕ ಮಾತ್ರ. ನಾನು ಕೊಟ್ಟ ಟಿಕೆಟ್ಟು 499 ರೂಪಾಯಿ, ಇನ್ನೊಂದು ಕಡೆ 799. ಬೆಲೆ ಬಿದ್ದ ವಾರ ರಾಯಕೋಟೆ ಮಂಡಿಯಲ್ಲಿ ಆ ದುಡ್ಡಿಗೆ ಕೆಲವು ಬಾಕ್ಸ್ ಟೊಮೇಟೊ ಬರುತ್ತದೆ. ಹಾಡು ಶುರುವಾಗುವುದು ಒಂಬತ್ತಕ್ಕೆ, ಅಷ್ಟು ಹೊತ್ತಿಗೆ ನಮ್ಮ ಕಡೆಗೆ ವಾಪಸು ಹೋಗುವ ದಾರಿ ಮುಚ್ಚಿರುತ್ತದೆ. ಪ್ರತಿ ಸಲ ಮಡಿವಾಳದ ಪಿ.ಜಿ.ಯಲ್ಲಿರುವ ಗೆಳತಿಯ ರೂಮೇ ಗತಿ.

ಕಾನೂನಿನ ಮಾತೂ ಇದೆ. 2005ರಲ್ಲಿ ಬೆಂಗಳೂರು ಪೊಲೀಸರು ಲೈವ್ ಬ್ಯಾಂಡ್, ಡಿಸ್ಕೊ ಇತ್ಯಾದಿಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಪಬ್ಬುಗಳಲ್ಲಿ ಹಾಡು ನಿಂತೇ ಹೋಗಿತ್ತು. ಸಣ್ಣ ಜಾಗಗಳಿಗೆ ಈ ಹೊರೆ ಹೊರುವುದು ಕಷ್ಟ, ದೊಡ್ಡ ಜಾಗಗಳ ಟಿಕೆಟ್ಟು ದುಬಾರಿ. ಅದೇ 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರ ಸೇರಿತ್ತು ಅನ್ನೋದನ್ನೂ ನೆನೆಯಬೇಕು. ಕನ್ನಡದ ಹಾಡಿಗೆ ಜನ ಇಲ್ಲ ಅನ್ನುವಂತಿಲ್ಲ, ಜನ ಹೋಗಬಲ್ಲ ಜಾಗ ಕಡಿಮೆ.

ಒಟ್ಟಿನಲ್ಲಿ ಹೇಳುವುದಾದರೆ, ಇಂಥ ಹಾಡುಗಾರಿಕೆಯ ವಿಮರ್ಶೆಗೆ ಒಂದು ಸರಳ ಅಳತೆಗೋಲು ಬೇಕು. ಎಷ್ಟು ಚರಣಗಳು ಕೇಳುವವರ ಬಾಯಿಗೆ ದಾಟಿದವು? ಸಭಾಂಗಣ ಚರಣ ಕೊಟ್ಟು ಬಾಯಿ ಕಟ್ಟಿತು. ಕ್ಲಬ್ಬು ಬಾಯಿ ಬಿಚ್ಚಿ ಚರಣ ಮರೆಯಿತು. ಎರಡನ್ನೂ ಒಟ್ಟಿಗೆ ಮಾಡುವ ಕ್ರಮ ಭಜನೆಯಲ್ಲಿ ಮೊದಲಿನಿಂದಲೂ ಇದೆ.

ಸಂವಾದ

ಪ್ರಶ್ನೆ: ಕುಡಿಯುವ ಜಾಗದಲ್ಲಿ ತತ್ವಪದ ಹಾಡುವುದು ಸರಿಯೇ?

ಉತ್ತರ: ಶರೀಫರು ತತ್ವ ಹೇಳುವುದಕ್ಕೆ ಆರಿಸಿಕೊಂಡದ್ದು ಸೋರುವ ಮನೆ, ಸೇದುವ ಗುಡುಗುಡಿ. ಮಡಿಯ ಜಾಗ ಹುಡುಕಿದವರಲ್ಲ. ಪದ ಪೂರ್ತಿ ಹಾಡಿದರೆ ಆ ಜಾಗವನ್ನೂ ಅದು ಪ್ರಶ್ನೆ ಮಾಡುತ್ತದೆ. ಅರ್ಧ ಹಾಡಿದರೆ ದೇವಸ್ಥಾನದಲ್ಲಿ ಹಾಡಿದರೂ ಅಷ್ಟೆ.

ಪ್ರಶ್ನೆ: ದುಡ್ಡು ಕೊಟ್ಟು ಸಂತೋಷಕ್ಕೆ ಬಂದವರಿಗೆ ಬ್ಯಾಂಡಿನವರು ಪಾಠ ಮಾಡಬೇಕು ಅಂತೀರಾ?

ಉತ್ತರ: ಇಲ್ಲ ಸರ್. ಸೊಲ್ಲು ಕೊಡುವುದು ಪಾಠವಲ್ಲ, ಅದು ಹಾಡುವ ಒಂದು ರೀತಿ. ಆ ಮೂರನೆಯ ರಾತ್ರಿ ಯಾರೂ ಎದ್ದು ಹೋಗಲಿಲ್ಲ. ಕಾರ್ಯಕ್ರಮ ಮುಗಿದು ಮೆಟ್ಟಿಲು ಇಳಿಯುವಾಗ ಇಬ್ಬರು ಹುಡುಗರು ಹಿಂದಿಯಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬ ಚಿಲುಮೆಯ ಸಾಲನ್ನು ಗುನುಗುತ್ತಿದ್ದ, ಪಲ್ಲವಿಯನ್ನಲ್ಲ.